ಹಸಿದ ಬಟ್ಟೆಯ ಸೋಫಾ

ಬಟ್ಟೆ ಅಂದಮೇಲೆ ಹತ್ತಿ, ಉಣ್ಣೆ, ರೇಷ್ಮೆ ಅಂತ ಬಾಯಿಗೆ ಸಿಗುವಂಥ ಹೆಸರಿರಬೇಕು. ಮೂವತ್ತು ವರ್ಷದಿಂದ ಸೋಫಾಗಳಿಗೆ ಹೊದಿಕೆ ಹೊಲಿಯುತ್ತಿದ್ದ ಮೇಸ್ತ್ರಿಗೆ ಇದರಲ್ಲಿ ಎರಡನೇ ಮಾತೇ ಇರಲಿಲ್ಲ. ಆದರೆ ಕಾಲೇಜಿನ ಕೆಮಿಸ್ಟ್ರಿ ಮೇಡಂ ತಾವೇ ಆರಿಸಿ ತಂದುಕೊಟ್ಟ ನೀಲಿ ಬಟ್ಟೆಯ ಅಂಚಿನಲ್ಲಿ ‘ಓಲಿಫಿನ್, ನೂರಕ್ಕೆ ನೂರು’ ಎಂದು ಅಚ್ಚಾಗಿತ್ತು. ಮೇಸ್ತ್ರಿಯ ಪಿತ್ತ ನೆತ್ತಿಗೇರಿತು. (ಅದು ನೆತ್ತಿಯಿಂದ ಬಹಳ ದೂರದಲ್ಲೇನೂ ವಾಸವಾಗಿರಲಿಲ್ಲ.)

ಸಿಟ್ಟಿನ ಬೆನ್ನಿಗೆ ಭಯವೂ ಇತ್ತು. ಸೋಫಾ ಸಂಜೆ ಐದಕ್ಕೆ ಸಿದ್ಧವಾಗಬೇಕು. ಮೇಡಂ ಮೆಚ್ಚಿದರೆ ಕಾಲೇಜಿನ ನಲವತ್ತು ಕುರ್ಚಿಗಳ ಕೆಲಸವೂ ಅವನದೇ. ಮುಖ ಸಿಂಡರಿಸಿದರೆ ಎದುರು ಬೀದಿಯ ಹೊಸ ಅಂಗಡಿಯವನದು.

“ಬಾಮ್ಮ ಇಲ್ಲಿ! ಇದ್ಯಾವ ಬಟ್ಟೆ ನೋಡು.”

ಕಾಲೇಜು ಓದುವ ಮಗಳು ಪುಸ್ತಕ ಹಿಡಿದೇ ಬಂದಳು. “ಓಲಿಫಿನ್ ಅಂದ್ರೆ ಆಲ್ಕೀನ್‌ಗಳ ಹಳೇ ಹೆಸರಪ್ಪ. ಅಪರ್ಯಾಪ್ತ ಹೈಡ್ರೋಕಾರ್ಬನ್. ಎರಡು ಕಾರ್ಬನ್ ಮಧ್ಯೆ ಜೋಡಿ ಬಂಧ.”

“ನಾನೇನು ಪರೀಕ್ಷೆಗೆ ಕೂತಿದೀನೇನೆ? ಮನುಷ್ಯರ ಭಾಷೇಲಿ ಹೇಳು.”

“ಹೊಟ್ಟೆ ತುಂಬಿಲ್ಲ ಅಂತ. ಹಿಡಿಸೋವಷ್ಟು ಹೈಡ್ರೋಜನ್ ಸಿಕ್ಕಿಲ್ಲ. ಅದಕ್ಕೇ ಜೋಡಿ ಬಂಧದಲ್ಲಿ ಒಂದನ್ನ ಬಿಟ್ಟು, ಸಿಕ್ಕಿದೋರ ಜತೆ ಸೇರ್ಕೊಂಡ್ಬಿಡುತ್ತೆ.”

“ನಿಮ್ಮ ತಮ್ಮನ ಹಾಗೆ ಅನ್ನಿ,” ಎಂದಳು ಹೆಂಡತಿ ಅಡುಗೆಮನೆಯಿಂದ.

“ನೀನು ಸುಮ್ನಿರೇ! ಇನ್ನೇನಿದೆಯಮ್ಮ ಅದರಲ್ಲಿ?”

“ಎಣ್ಣೆ ಹುಟ್ಟಿಸೋದು ಅಂತ ಹೆಸರಿನ ಅರ್ಥ. ಕ್ಲೋರಿನ್ ಸೇರಿದ್ರೆ ಎಣ್ಣೆ ಥರ ಆಗುತ್ತಂತೆ. ಬಾಳೆಹಣ್ಣು ಮಾಗಿಸೋ ಎಥಿಲೀನೂ ಇದೇ ವಂಶ.” ಮುಂದಿನ ಪುಟ ತಿರುಗಿಸುವಷ್ಟರಲ್ಲಿ ಬಸ್ ಬಂತು. ಮಗಳು ಓಡಿದಳು.

ಮೇಸ್ತ್ರಿ ಬಟ್ಟೆ ಕೆಳಗಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಹಸಿದ ಬಟ್ಟೆ! ಮೇಡಂ ಕೂತ ಮೇಲೆ ಅಡಿಯಲ್ಲಿ ಎಣ್ಣೆ ಹುಟ್ಟಿದರೆ? ತಕ್ಷಣ ಮನೆಯಲ್ಲಿ ಮಹಾ ನಿಷೇಧಾಜ್ಞೆ ಜಾರಿಯಾಯಿತು. ಕ್ಲೋರಿನ್ ಇದೆಯೆಂದು ಬಚ್ಚಲಿನ ಬ್ಲೀಚಿಂಗ್ ಪೌಡರ್ ಪಕ್ಕದ ಮನೆಗೆ ಗಡೀಪಾರು. ಒಂದು ಚಿಪ್ಪು ಬಾಳೆಹಣ್ಣು ಬೀದಿಪಾಲು. ಎಣ್ಣೆಯ ಹೊಗೆ ಬಟ್ಟೆಗೆ ಸೇರೀತೆಂದು ಐದು ಗಂಟೆಯವರೆಗೆ ಒಲೆ ಹೊತ್ತಿಸುವಂತಿಲ್ಲ, ಒಗ್ಗರಣೆಯ ಮಾತೇ ಎತ್ತುವಂತಿಲ್ಲ.

“ಬಟ್ಟೆಗೆ ಹೊಟ್ಟೆ ತುಂಬಿಲ್ಲ ಅಂತ ನಮ್ಮನ್ನೂ ಉಪವಾಸ ಕೆಡವ್ತೀರೇನ್ರಿ?” ಹೆಂಡತಿ ಸೌಟು ಹಿಡಿದೇ ಬಂದಳು. “ಒಂದು ಚೂರು ಕತ್ತರಿಸಿ, ಏನೇನು ಅನುಮಾನವೋ ಎಲ್ಲ ಅದರ ಮೇಲೆ ಮಾಡಿ ನೋಡಿ. ಆಮೇಲೆ ಕುಣೀರಿ.”

“ನನಗೇ ಕೆಲಸ ಹೇಳಿಕೊಡ್ತೀಯಾ? ನೀನು ಹುಟ್ಟೋಕೆ ಮುಂಚೆ ಸೂಜಿ ಹಿಡಿದೋನು ನಾನು!”

(ಇಬ್ಬರಿಗೂ ಎರಡೇ ವರ್ಷದ ಅಂತರ.)

ಅವನು ಕೈಗೆ ಚೀಲ ಕಟ್ಟಿಕೊಂಡು, ಬಾಯಿಗೆ ಬಟ್ಟೆ ಬಿಗಿದುಕೊಂಡು, ಬೆವರು ಬಿದ್ದರೆ ಬಟ್ಟೆ ಅದನ್ನೂ ನುಂಗೀತೆಂದು ಹೆದರಿ ಹೊಲಿದ. ಸಂಜೆಯ ಹೊತ್ತಿಗೆ ಮಗಳು ಕಾಲೇಜಿನಿಂದ ಬಂದು ಮುಖ ತೊಳೆಯಲು ಒಳಗೆ ಹೋದಳು. ಸೋಫಾ ಕೂಡ ಮದುವಣಗಿತ್ತಿಯಂತೆ ಸಿದ್ಧವಾಗಿತ್ತು. ಕೂರುವ ಜಾಗದಲ್ಲಿ ಮಾತ್ರ ಒಂದು ಮಡಿಕೆಯ ಗೆರೆ ಉಳಿದಿತ್ತು. ಎಳೆದ, ತಟ್ಟಿದ, ಬೈದ. ಗೆರೆ ಜಗ್ಗಲಿಲ್ಲ. ಮಗಳು ಓದಿದ್ದರಲ್ಲಿ ಎಣ್ಣೆ, ಹಣ್ಣು, ಕ್ಲೋರಿನ್ ಇತ್ತೇ ಹೊರತು ಇಸ್ತ್ರಿಪೆಟ್ಟಿಗೆಯ ಹೆಸರಿರಲಿಲ್ಲವಲ್ಲ! ಚೆನ್ನಾಗಿ ಕಾಯಿಸಿ ಒತ್ತಿದ.

ಚೊಯ್ಯ್!

ಇಸ್ತ್ರಿಪೆಟ್ಟಿಗೆ ಎತ್ತಿದರೆ ಅದರ ತಳಕ್ಕೆ ನೀಲಿ ನೂಲಿನ ಅಂಟು. ಸೋಫಾದಲ್ಲಿ ಅದರದೇ ಆಕಾರದ ಕುಳಿ. ಅದೇ ಗಳಿಗೆಗೆ ಬಾಗಿಲಲ್ಲಿ ಮೇಡಂ ಸ್ಕೂಟರ್ ನಿಂತ ಸದ್ದು.

ಮೇಸ್ತ್ರಿಗೆ ಬೇರೆ ದಾರಿ ಕಾಣಲಿಲ್ಲ. ಕುಳಿಯ ಮೇಲೆ ಕೂತೇಬಿಟ್ಟ. ಬಿಸಿ ತಟ್ಟಿತು. ಕಣ್ಣಲ್ಲಿ ನೀರು ಬಂತು. ತುಟಿಯಲ್ಲಿ ನಗು ತಂದುಕೊಂಡ.

“ಬನ್ನಿ ಮೇಡಂ. ಎದ್ದೇಳೋಕೆ ಆಗ್ತಿಲ್ಲ, ಸೊಂಟ ಹಿಡ್ಕೊಂಡಿದೆ.”

“ಅಯ್ಯೋ, ಕೂತಿರಿ ಕೂತಿರಿ. ಚೆನ್ನಾಗಿ ಬಂದಿದೆ!” ಮೇಡಂ ತೋಳಿನ ಭಾಗ ಸವರಿದರು. “ಈ ಬಟ್ಟೆ ತೊಂದರೆ ಕೊಡ್ಲಿಲ್ಲ ತಾನೇ?”

“ಹಸಿದ ಬಟ್ಟೆ ಅಂತ ಬೆಳಗ್ಗೆಯಿಂದ ನಮ್ಮನೇಲಿ ಒಲೇನೇ ಹಚ್ಚಿಲ್ಲ,” ಎಂದಳು ಹೆಂಡತಿ.

ಮೇಡಂ ನಕ್ಕರು. “ಹಸಿವೆಲ್ಲ ಅನಿಲವಾಗಿದ್ದಾಗ. ಸಾವಿರಾರು ಕಣಗಳು ಆ ಜೋಡಿ ಬಂಧ ಬಿಚ್ಚಿ ಒಂದಕ್ಕೊಂದು ಕೈ ಹಿಡಿದು ಸರಪಳಿ ಆದ್ಮೇಲೇ ಇದು ನೂಲಾಗೋದು. ಈಗ ಹೆಸರಿಗಷ್ಟೇ ಓಲಿಫಿನ್, ಹೊಟ್ಟೆ ತುಂಬಿದೆ. ಟೀ ಚೆಲ್ಲಿದ್ರೂ ಒರೆಸಿದ್ರೆ ಹೋಗುತ್ತೆ. ಬಿಸಿ ಒಂದು ತಾಗಿಸ್ಬಾರದು, ಕರಗಿಹೋಗುತ್ತೆ.”

“ಮುಂದಿನ ಪುಟದಲ್ಲಿ ಅದೇ ಇತ್ತಪ್ಪ,” ಎಂದಳು ಮಗಳು ಮೆಲ್ಲಗೆ.

ಮೇಸ್ತ್ರಿ ಅವಳನ್ನು ಗದರಲು ಎದ್ದ. ಏಳಲು ನೋಡಿದ, ಅಷ್ಟೇ. ಕರಗಿದ ಬಟ್ಟೆ ಆರಿ ಪ್ಯಾಂಟನ್ನು ಕಚ್ಚಿ ಹಿಡಿದಿತ್ತು. ಅವನು ಏರಿದಷ್ಟೂ ಸೋಫಾದ ಮೆತ್ತೆ ಹಿಂದೆ ಹಿಂದೆಯೇ ಏರಿತು.

ಹೆಂಡತಿ ಸುತ್ತಿ ಬಂದು ನೋಡಿದಳು. ಇಸ್ತ್ರಿಪೆಟ್ಟಿಗೆ ನೋಡಿದಳು. ದೊಡ್ಡ ಕತ್ತರಿ ತಂದಳು.

“ಮೇಡಂ, ಸೋಫಾ ಕತ್ತರಿಸ್ಲಾ, ಪ್ಯಾಂಟ್ ಕತ್ತರಿಸ್ಲಾ?”

“ಸೋಫಾ ನನ್ನದಮ್ಮ,” ಎಂದು ಮೇಡಂ ಗೋಡೆಯ ಕಡೆ ತಿರುಗಿದರು.

ಹತ್ತು ನಿಮಿಷದ ನಂತರ ಮೇಸ್ತ್ರಿ ಟವೆಲ್ ಸುತ್ತಿಕೊಂಡು ಮೂಲೆಯಲ್ಲಿ ನಿಂತಿದ್ದ. ಹೆಂಡತಿ ಉಳಿದ ಬಟ್ಟೆಯಲ್ಲಿ ಒಂದು ಚೂರು ಕತ್ತರಿಸಿ ಮೊದಲು ಬರೀ ಬೆಚ್ಚಗಿನ ನೀರು ಮುಟ್ಟಿಸಿ ಪರೀಕ್ಷೆ ಮಾಡಿದಳು. ಮೇಡಂ ಅದನ್ನೇ ನೋಡುತ್ತಿದ್ದರು.

“ನಾಳೆ ಇದೊಂದು ಮೆತ್ತೆ ಸರಿ ಮಾಡಿಕೊಡಿ. ನಲವತ್ತು ಕುರ್ಚಿ ಇಲ್ಲಿಗೇ ಕಳಿಸ್ತೀನಿ,” ಎಂದರು. ಮೇಸ್ತ್ರಿಯ ಮುಖ ಅರಳಿತು. “ಆದ್ರೆ ಮೇಸ್ತ್ರಿ ನೀವಮ್ಮ. ಅವರು ನಿಮ್ಮ ಕೈಕೆಳಗೆ.”

ಹೆಂಡತಿ ಅಳತೆ ಟೇಪು ಕೊರಳಿಗೆ ಹಾಕಿಕೊಂಡಳು. “ಏನ್ರೀ, ಕೂತ್ಕೊಳ್ಳಿ, ಕೆಲಸ ಹೇಳ್ತೀನಿ.”

ಮೂವತ್ತು ವರ್ಷ ಊರಿಗೆಲ್ಲ ಕೂರುವ ಜಾಗ ಮಾಡಿಕೊಟ್ಟವನು ಮುಂದಿನ ಎಂಟು ದಿನ ಎಲ್ಲವನ್ನೂ ನಿಂತೇ ಕೇಳಿಸಿಕೊಂಡ.