ಹಾಡಿನ ಬೀಗ, ಜೋಳದ ರೊಟ್ಟಿ

"ಇನ್ನ ಮ್ಯಾಲ ಹಳೇ ಪ್ಲೇಯರ್‌ಗೆ ನಮ್ಮ ಬೀಗ ತೆರಿಯಂಗಿಲ್ರಿ! ಒಂದಕ್ಕೂ ಇಲ್ಲ!"

ಬೇಗಂಪೇಟೆಯ ಆಫೀಸಿನಲ್ಲಿ ಮಲ್ಲಿಕಾರ್ಜುನ ಹೀಗೆ ಗುಡುಗಿದಾಗ ಏಸಿ ಕೂಡ ಒಂದು ಕ್ಷಣ ಉಸಿರು ಬಿಗಿಹಿಡಿಯಿತು! ಕೊಂಡ ಹಾಡನ್ನು ಕೊಂಡವರಷ್ಟೇ ಕೇಳಬೇಕು, ಕದ್ದು ಊರಿಗೆಲ್ಲ ಹಂಚಬಾರದು ಎಂದು ಹಾಡುಗಳಿಗೆ ಬೀಗ ಹಾಕುವ ಸಾಫ್ಟ್‌ವೇರ್ ಅವರ ಕಂಪನಿಯದು. ಅದರ ಹೊಸ ಆವೃತ್ತಿಯ ಬ್ರಹ್ಮ ಈ ಮಲ್ಲಿಕಾರ್ಜುನ.

"ಹಳೇದು ಇಟ್ಕೊಂಡ ಮಂದಿ ಏನ್ ಮಾಡಬೇಕೋ?" ಎಂದರು ಬೀದರ್ ಕಡೆಯ ಮ್ಯಾನೇಜರ್ ಹಣಮಂತರಾಯರು.

"ಹೊಸಾದು ತಗೋಬೇಕ್ರಿ. ಹಳೇ ಸಾಮಾನು ಮನ್ಯಾಗ ಯಾರ್ ಇಟ್ಕೋತಾರ್ರಿ ಈಗ?"

ಶನಿವಾರ ಸಂಜೆ ಹೊಸ ಬೀಗ ಜಾರಿಗೆ ಬಂತು. ಬ್ರಹ್ಮ ಎದೆಯುಬ್ಬಿಸಿಕೊಂಡು ಕುಷಾಯಿಗೂಡದ ಮನೆ ಸೇರಿದ.

ಭಾನುವಾರ ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿ ಯಮುನಾಬಾಯಿಯ ಕೂಗು.

"ಏನ್ರೀ! ನನ್ನ ಪ್ಲೇಯರ್ ಹಾಡವಲ್ದು. 'ಈ ಸಾಧನ ಹಳೆಯದು, ಅನುಮತಿ ಇಲ್ಲ' ಅನ್ನಾಕತ್ತೈತಿ. ನನ್ನ ಅಡಗಿಮನ್ಯಾಗ ನನಗ ಅನುಮತಿ ಕೊಡಾಕ ಇವ ಯಾವ ನವಾಬ?"

ನವಾಬ ಮುಸುಕೆಳೆದುಕೊಂಡ. ಮದುವೆಯಾದ ಹೊಸದರಲ್ಲಿ ತಾನೇ ಪ್ರೀತಿಯಿಂದ ತಂದುಕೊಟ್ಟ ಪ್ಲೇಯರ್ ಅದು. ಅದೂ ಹಳೆಯದರ ಲೆಕ್ಕಕ್ಕೆ ಸೇರುತ್ತದೆ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಯಮುನಾಬಾಯಿ ಅದರ ಹಾಡಿನ ತಾಳಕ್ಕೇ ಜೋಳದ ರೊಟ್ಟಿ ಬಡಿಯುವವಳು. "ಹಾಡಿಲ್ಲಂದ್ರ ನನ್ನ ಕೈ ಆಡಂಗಿಲ್ಲ" ಎಂದವಳೇ ಉಪ್ಪಿಟ್ಟು ಕೆದಕಿದಳು. ಮಧ್ಯಾಹ್ನವೂ ಉಪ್ಪಿಟ್ಟು. ರೊಟ್ಟಿಯಿಲ್ಲದ ಊಟವನ್ನು ಊಟವೆಂದೇ ಒಪ್ಪದ ಮಲ್ಲಿಕಾರ್ಜುನನ ಹೊಟ್ಟೆ ತಾಳ ಹಾಕತೊಡಗಿತು.

"ಕೆಟ್ಟಿರಬೇಕು. ಕೊಡಿಲ್ಲೆ, ರಿಪೇರಿ ಮಾಡ್ತೀನಿ" ಎಂದು ಕಳ್ಳನಂತೆ ಪ್ಲೇಯರ್ ಹಿಡಿದು ಕೂತ. ಹಳೆಯ ಗುರುತು ಅಳಿಸಿ, ಹೊಸದೆಂದು ಅದರಿಂದ ಸುಳ್ಳು ಹೇಳಿಸಿ ನೋಡಿದ. ಬೀಗ ಜಗ್ಗಲಿಲ್ಲ! ಬೇರೆ ಹೆಸರು, ಬೇರೆ ವೇಷ, ಏನೇ ಹಾಕಿದರೂ ಜಗ್ಗಲಿಲ್ಲ. ಇಷ್ಟು ಗಟ್ಟಿಯಾಗಿ ಬರೆದ ಪುಣ್ಯಾತ್ಮನನ್ನು ಅವನು ಮನಸಾರೆ ಶಪಿಸಿದ. ರಾತ್ರಿಗೂ ಉಪ್ಪಿಟ್ಟೇ.

ಸೋಮವಾರ ಹಣಮಂತರಾಯರು ಎಲ್ಲರೆದುರು ಅವನ ಬಾಯಿಗೆ ಪೇಡೆ ತುರುಕಿದರು.

"ಶಾಬಾಷ್! ನಿನ್ನ ಬೀಗಕ್ಕ ಮೊದಲನೇ ಕಳ್ಳ ಸಿಕ್ಕಾನ! ನಿನ್ನೆ ಮಧ್ಯಾಹ್ನದಿಂದ ಮುರಿಯಾಕ ನೋಡ್ಯಾನ. ಕುಷಾಯಿಗೂಡದಾಗ ಅದಾನಂತ, ನಿಮ್ಮ ಕಡ್ಯಾವನ! ಪೊಲೀಸರಿಗೆ ಹೇಳೂಣು."

ಮಲ್ಲಿಕಾರ್ಜುನ ಪೇಡೆಯನ್ನು ಗಬಕ್ಕನೆ ನುಂಗಿದ.

"ಸರ್, ಅವ ಕಳ್ಳ ಅಲ್ರಿ. ರೊಟ್ಟಿ ಸಿಗದ ಸಂಕಟಕ್ಕ ಹಂಗ್ ಮಾಡ್ಯಾನ್ರಿ."

"ನಿನಗ ಹ್ಯಾಂಗ ಗೊತ್ತು?"

"ಮುಂಜಾನೆ ಕನ್ನಡ್ಯಾಗ ಭೆಟ್ಟಿ ಆಗಿದ್ದನ್ರಿ."

ಆಫೀಸು ಬಿದ್ದು ಬಿದ್ದು ನಕ್ಕಿತು. ಹಳೆಯ ಪ್ಲೇಯರ್‌ಗಳಿಗೆಲ್ಲ ಸಂಜೆಯೊಳಗೆ ಮತ್ತೆ ಬೀಗ ತೆರೆಯಬೇಕೆಂದು ಹಣಮಂತರಾಯರು ಅಪ್ಪಣೆ ಮಾಡಿದರು. ಮಲ್ಲಿಕಾರ್ಜುನ ಬಾಲ ಮುದುರಿಕೊಂಡು ಕೂತು ಕೆಲಸ ಮುಗಿಸಿದ.

ಮನೆ ಬಾಗಿಲಿಗೆ ಬಂದರೆ ಒಳಗೆ ಟಪಟಪ ರೊಟ್ಟಿಯ ಸದ್ದು! ಜೊತೆಗೆ ಹಾಡು! ಅವನ ಜೀವಕ್ಕೆ ಜೀವ ಬಂತು.

"ನೋಡಿದ್ಯಾ, ಹೆಂಗ ಸರಿ ಮಾಡೀನಿ!" ಎಂದು ಮೀಸೆ ತಿರುವುತ್ತ ಒಳನುಗ್ಗಿದ. ಹಾಡು ಬರುತ್ತಿದ್ದುದು ಯಮುನಾಬಾಯಿಯ ಗಂಟಲಿನಿಂದ. ಶ್ರುತಿ ಒಂದು ದಿಕ್ಕು, ತಾಳ ಒಂದು ದಿಕ್ಕು.

"ಪ್ಲೇಯರ್ ಎಲ್ಲೈತಿ?"

"ಗುಜರಿಗೆ ಹಾಕೀನ್ರಿ. ಹಣಮಂತರಾಯರು ಫೋನ್ ಮಾಡಿ ನಕ್ಕಿದ್ದ ನಕ್ಕಿದ್ದು! ಹಳೇ ಸಾಮಾನು ಮನ್ಯಾಗ ಯಾರ್ ಇಟ್ಕೋತಾರ ಅಂದ್ರಂತಲ್ಲ ನೀವು? ಗಂಡನ ಮಾತು ಮೀರೂದು ಬ್ಯಾಡ ಅಂತ ಆಗಿಂದಾಗ ಹಾಕಿಬಿಟ್ಟೆ. ಇನ್ನ ದಿನಾ ನಾನ ಹಾಡ್ತೀನಿ."

ಬಿಸಿ ರೊಟ್ಟಿ ತಟ್ಟೆಗೆ ಬಿತ್ತು, ಹಾಡು ಇನ್ನಷ್ಟು ಏರಿತು. ಎರಡು ತುತ್ತು ನುಂಗಿ ಮಲ್ಲಿಕಾರ್ಜುನ ಮೆಲ್ಲಗೆ ಕೇಳಿದ:

"ಸದ್ದು ಒಂಚೂರು ಕಡಿಮಿ ಮಾಡಾಕ ಬರತೈತೇನ?"

"ಹೊಸಾದ್ರಾಗ ಆ ಗುಂಡಿ ಇಲ್ರಿ. ಹಳೇದ್ರಾಗ ಇತ್ತು."