ಕಾಕಿ ಹೇಳಿದ ಸಣ್ಣ ಗಾಡಿ

ಮಸ್ಕಿಗೆ ಮೊಟ್ಟಮೊದಲು ರೈಲು ತಂದವರು ನಮ್ಮ ಕಾಕಾ. ನಗಬೇಡಿ! ನಿಜಾಮರ ಸರ್ಕಾರಕ್ಕೆ ಆಗದ್ದನ್ನು, ಅದರ ನಂತರ ಬಂದ ಸರ್ಕಾರಕ್ಕೂ ಆಗದ್ದನ್ನು, ನಮ್ಮ ಹಿತ್ತಲಿನ ತಗಡಿನ ಚಪ್ಪರದಲ್ಲಿ ಕೂತು ಈ ಬಡಿಗ ಮಾಡಿ ತೋರಿಸಿದರು. ಒಂದಲ್ಲ, ನಾಲ್ಕು ಡಬ್ಬಿ. ಒಂದೊಂದೂ ಎರಡು ಮೊಳ ಉದ್ದ, ಒಂದು ಮೊಳ ಎತ್ತರ. ಒಳಗೆ ಬೆಂಚು, ಕಿಟಕಿ, ಕಿಟಕಿಗೆ ಸರಳು. ಎಲ್ಲಕ್ಕಿಂತ ದೊಡ್ಡ ಹೆಚ್ಚುಗಾರಿಕೆ ಏನು ಗೊತ್ತೇ? ಕಾಕಾ ಹುಟ್ಟಿದಾಗಿನಿಂದ ರೈಲನ್ನೇ ನೋಡಿರಲಿಲ್ಲ! ರೈಲು ನೋಡಬೇಕೆಂದರೆ ರಾಯಚೂರಿಗೆ ಹೋಗಬೇಕು. ಕಾಕಾನ ಲೋಕವೋ ಈ ಕಡೆ ಲಿಂಗಸುಗೂರಿಗೆ, ಆ ಕಡೆ ಸಿಂಧನೂರಿಗೆ ಮುಗಿದುಹೋಗುತ್ತಿತ್ತು.

ರೈಲು ನೋಡಿದ್ದವರು ಅವರ ಹೆಂಡತಿ, ನಮ್ಮ ಕಾಕಿ. ಅವರ ತವರು ಬಾರ್ಸಿ. ಅಲ್ಲಿಂದ, ದೊಡ್ಡ ರೈಲು ಸಿಗುವ ಕುರ್ಡುವಾಡಿಗೆ ಸಣ್ಣ ಗಾಡಿ ಓಡುತ್ತಿತ್ತು. ಹಳಿಗಳ ನಡುವೆ ಎರಡೂವರೆ ಅಡಿ ಮಾತ್ರ. ನಮ್ಮಲ್ಲಿ ಮದುವೆ ಗಂಡಿನ ಮನೆಯಲ್ಲೇ ಆಗುವುದರಿಂದ, ಹದಿನಾಲ್ಕು ವರ್ಷದ ಮದುಮಗಳು ಆ ಸಣ್ಣ ಗಾಡಿ ಹತ್ತಿ ಮಸ್ಕಿಗೆ ಬಂದರು. ಬಂದವರು ತಿರುಗಿ ಹೋಗಲಿಲ್ಲ. ದೂರದ ದಾರಿ, ಬಡವರ ಮನೆ. ಇಂದು ನಾಳೆ ಎನ್ನುವುದರಲ್ಲೇ ಇಪ್ಪತ್ತೆರಡು ವರ್ಷ ಕಳೆಯಿತು. ಆಮೇಲೆ ಎದೆಯ ಕ್ಷಯರೋಗ ಬಂತು. ಆಗ ಅವರಿಗೆ ಇದ್ದದ್ದು ಒಂದೇ ಆಸೆ: ಆ ಸಣ್ಣ ಗಾಡಿಯಲ್ಲಿ ಕೂತು ಒಮ್ಮೆ ಅಣ್ಣನ ಮನೆಗೆ ಹೋಗಿ ಬರಬೇಕು. ಲಿಂಗಸುಗೂರಿನ ಡಾಕ್ಟರು, "ಬಾರ್ಸಿ ಎಲ್ಲಿ ಬಂತು, ರಾಯಚೂರಿನ ತನಕ ಬಸ್ಸಿನ ಕುಲುಕಾಟವನ್ನೂ ಇವರು ತಡೆಯಲಾರರು" ಎಂದುಬಿಟ್ಟರು.

ಬಂಡಿಯಲ್ಲಿ ಹುಲ್ಲು ಹಾಸಿ ಹೆಂಡತಿಯನ್ನು ಮಲಗಿಸಿಕೊಂಡು ವಾಪಸು ಬಂದ ಕಾಕಾ ಅಂಗಳದಲ್ಲೇ ಫರ್ಮಾನು ಹೊರಡಿಸಿದರು: "ನೀ ಗಾಡಿ ಕಡೆ ಹೋಗಾಕ ಆಗದಿದ್ರ ಗಾಡೀನ ನಿನ್ನ ಕಡೆ ಬರತೈತಿ. ಹ್ಯಾಂಗಿತ್ತು, ಅದನ್ನ ಹೇಳು."

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಮನೆಯ ರೈಲು ಕಾರಖಾನೆ! ಕಾಕಿಯ ಮಂಚ ಹಿಂದಿನ ಕೋಣೆಯಲ್ಲಿ, ಚಪ್ಪರ ಅದರ ಪಕ್ಕದಲ್ಲಿ. ಕಾಕಾ ಬಾಚಿಯನ್ನು ಹೆಗಲಿಗಿಟ್ಟುಕೊಂಡೇ ಒಳಗೆ ಹೋಗುವರು. "ಬೆಂಚು ಎಷ್ಟ ಅಗಲ ಇತ್ತು?" ಕಾಕಿ ಕಣ್ಣು ಮುಚ್ಚಿ ನೆನಪಿಸಿಕೊಂಡು, "ಇಬ್ಬರು ಹೆಣ್ಮಕ್ಕಳು ಕಾಲು ಮಡಚಿ ಕುಂದ್ರೋವಷ್ಟು" ಎನ್ನುವರು. ಅಳತೆ ಆಯಿತು! ಒಂದು ದಿನ ಕಿಟಕಿಗೆ ಹಸಿರು ಪರದೆ, ಇನ್ನೊಂದು ದಿನ ಚಾವಣಿಗೆ ಕಮಲದ ಚಿತ್ತಾರ, ಮತ್ತೊಂದು ದಿನ ಪ್ರತಿ ಡಬ್ಬಿಗೂ ತೊಟ್ಟಿಲು ಕಟ್ಟುವ ಕೊಕ್ಕೆ. ಕಾಕಿಗೆ ಮಕ್ಕಳಾಗಿರಲಿಲ್ಲ. ಕಾಕಾ ಕಮ್ಮಾರನ ಹತ್ತಿರ ಹೋಗಿ ನಾಲ್ಕು ಕೊಕ್ಕೆ ಮಾಡಿಸಿಕೊಂಡು ಬಂದರು.

ಅದು ಸಿಂಧನೂರು ಸೀಮೆಯಲ್ಲಿ ಕಾಲುವೆ ಅಗೆಯುತ್ತಿದ್ದ ಕಾಲ. ಮಣ್ಣು ಹೊರಲು ಎಲ್ಲರಿಗೂ ಬಂಡಿ ಬೇಕು, ಬಡಿಗರಿಗೆ ಉಸಿರಾಡಲು ಪುರುಸೊತ್ತಿಲ್ಲ. ನಮ್ಮ ಕಾಕಾನಿಗೆ ಮಾತ್ರ ಪುರುಸೊತ್ತೇ ಪುರುಸೊತ್ತು! ಪಾಮನಕಲ್ಲೂರಿನ ರೈತನೊಬ್ಬ ಮೂರನೇ ಸಲ ಬಂದು ಕೂಗಾಡಿದ: "ಬಡಿಗೇರ, ನನ್ನ ಬಂಡಿ ಎಲ್ಲೈತೋ ಮಾರಾಯ?"

"ಬರಾಕತ್ತೈತಿ, ರೈಲಿನ ಹಿಂದ ಐತಿ" ಎಂದರು ಕಾಕಾ, ತಲೆ ಎತ್ತದೆ.

ಇನ್ನು ಆಯದ ಕಥೆ ಕೇಳಿ. ಮನೆ ಕಟ್ಟುವಾಗ ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದರಲ್ಲಿ ಒಳ್ಳೆಯ ಆಯ ಬಂದಿದೆಯೋ ಇಲ್ಲವೋ ನೋಡುತ್ತಾರಲ್ಲ, ಕಾಕಾ ರೈಲು ಡಬ್ಬಿಗೂ ಹಾಗೇ ನೋಡಿದರು! ಮೊದಲನೆಯದಕ್ಕೆ ಶ್ವಾನಾಯ, ಅಂದರೆ ನಾಯಿಯ ಆಯ ಬಂತಂತೆ. ಛೇ ಎಂದು ಮೂರು ಬೆರಳು ಹೆಚ್ಚಿಸಿ ಆನೆಯ ಗಜಾಯಕ್ಕೆ ತಂದರು. ಎರಡನೆಯದಕ್ಕೆ ಕಾಕಾಯ, ಕಾಗೆಯದು; ಒಂದು ಬೆರಳು ಕಡಿಮೆ ಮಾಡಿದರು. ಹೀಗೆ ನಾಲ್ಕು ಡಬ್ಬಿಗೆ ನಾಲ್ಕು ಉದ್ದ! "ಕಾಕಾ, ರೈಲಿಗೆ ಯಾಕ ಆಯ?" ಎಂದು ಕೇಳಿದೆ. "ಮಂದಿ ಕುಂದ್ರತಾರೋ ಇಲ್ಲೋ? ಮಂದಿ ಕುಂದ್ರೋ ಜಾಗಕ್ಕ ಆಯ ಬೇಕು. ಸಾಲಿ ಕಲಿಸ್ತಿ, ಇಷ್ಟೂ ತಿಳ್ಯಂಗಿಲ್ಲೇನೋ ಮಾಸ್ತರ?" ನಾನಾಗ ಊರಿನ ಕನ್ನಡ ಶಾಲೆಗೆ ಹೊಸದಾಗಿ ಮಾಸ್ತರನಾಗಿ ಸೇರಿದ್ದೆ. 

ಪೇಚಾಟವಾದದ್ದು ಗಾಲಿಯದು. ಬೆಂಚಿನ ಮೊಳೆಯ ತನಕ ವರ್ಣಿಸುತ್ತಿದ್ದ ಕಾಕಿ ಗಾಲಿಯ ಮಾತು ಬಂದಾಗ ತಡವರಿಸಿದರು. ಮದುಮಗಳು ಮುಖದ ಮೇಲೆ ಸೆರಗೆಳೆದುಕೊಂಡು ಹತ್ತಿದವಳು, ಗಾಲಿಯನ್ನು ಎಲ್ಲಿ ನೋಡಿಯಾಳು! "ಗಾಲಿ ಅಂದ್ರ ಗಾಲಿ, ಇನ್ನ ಹ್ಯಾಂಗಿರತಾವು?" ಎಂದರು. ಅಷ್ಟೇ ಸಾಕಾಯಿತು. ಕಾಕಾ ಜಾಲಿ ಕಟ್ಟಿಗೆಯಲ್ಲಿ ಅರ, ಬಳೆ ಎಲ್ಲ ಇರುವ ಚೊಕ್ಕ ಬಂಡಿಗಾಲಿ ಮಾಡಿ ರೈಲಿಗೆ ಜೋಡಿಸಿದರು!

ಆ ಹೊತ್ತಿಗೇ ಲಿಂಗಸುಗೂರಿನಿಂದ ಒಬ್ಬ ಗಿರ್ದಾವರ ಸಾಹೇಬರು ಬಂದಿದ್ದರು. ಜಮೀನು ನೋಡುವ ಅಧಿಕಾರಿ. ಹೈದರಾಬಾದ್ ತನಕ ರೈಲಿನಲ್ಲಿ ಓಡಾಡಿದವರು. ಡಬ್ಬಿಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನಪಾ ಇದು! ರೈಲಿನ್ಯಾಗ ತೊಟ್ಟಿಲ ಕೊಕ್ಕಿ ಎಲ್ಲಿರತೈತಿ? ಗಾಲಿ ಕಬ್ಬಿಣದ್ದು. ಅಚ್ಚು, ಗಾಲಿ ಎರಡೂ ಕೂಡೇ ತಿರುಗತಾವು."

ಕಾಕಾ ಉಳಿ ಕೆಳಗಿಟ್ಟರು. ಮೂರು ತಲೆಮಾರು ಬಂಡಿ ಮಾಡಿದ ಮನೆತನ ನಮ್ಮದು! "ಸಾಹೇಬರ, ಅಚ್ಚು ನಿಲ್ಲಬೇಕು, ಗಾಲಿ ತಿರುಗಬೇಕು. ಅಚ್ಚೂ ತಿರುಗಿದ್ರ ಅದಕ್ಕ ಗಾಡಿ ಅಂತಾರೇನ್ರಿ? ರಾಟಿ ಅಂತಾರ."

"ಅರೇ, ನಾ ಕಣ್ಣಾರೆ ನೋಡೀನಪಾ!"

"ನೀವು ಬ್ಯಾರೆ ಗಾಡಿ ನೋಡೀರಿ. ಇದು ನಮ್ಮಾಕಿ ಬಂದ ಗಾಡಿ."

ಸಾಹೇಬರು ಚಹಾ ಕುಡಿದು ಹೊರಟರು. ಓಣಿಯವರು ಎರಡು ವಾರ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ?

ನಾಲ್ಕನೇ ಡಬ್ಬಿ ಮುಗಿದ ಮೇಲೆ ಅದರ ಮೇಲೆ ಅಕ್ಷರ ಬರೆಯುವ ಕೆಲಸ ನನಗೆ ಬಿತ್ತು. ಏನು ಬರೆದಿತ್ತು, ಯಾವ ಬಣ್ಣ ಎಂದು ಕೇಳಿಕೊಂಡು ಬರಲು ಕಾಕಾ ನನ್ನನ್ನು ಒಳಗೆ ಕಳಿಸಿದರು. ನಾಚಿಕೆಯಿಂದ ಹೇಳುತ್ತೇನೆ, ಅಷ್ಟು ತಿಂಗಳಲ್ಲಿ ನಾನು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಅಂಟುರೋಗವೆಂದು ನಾವೆಲ್ಲ ಬಾಗಿಲಲ್ಲಿ ನಿಂತೇ ಮಾತಾಡಿಸುತ್ತಿದ್ದೆವು. ಗಂಜಿಯ ಬಟ್ಟಲನ್ನೂ ಹೊಸ್ತಿಲ ಮೇಲಿಟ್ಟು ಸರಿಯುತ್ತಿದ್ದೆವು.

"ಕಾಕಿ, ಅಕ್ಷರ ಯಾವ ಬಣ್ಣ ಇದ್ದವು?"

ಕಾಕಿ ನನ್ನ ಕಡೆ ತಿರುಗಿದರು. ಒಣಗಿದ ಮುಖದಲ್ಲಿ ಕಣ್ಣುಗಳಷ್ಟೇ ಉಳಿದಿದ್ದವು. "ನಿಮ್ಮ ಕಾಕಾಗ ಹೇಳಬ್ಯಾಡಪ್ಪ. ನಾ ಏನೂ ನೋಡಿಲ್ಲ. ಪರದೆ ನೋಡಿಲ್ಲ, ಕೊಕ್ಕಿ ನೋಡಿಲ್ಲ. ಸೆರಗಿನ್ಯಾಗ ಮಾರಿ ಮುಚ್ಚಿಕೊಂಡು ಅಳಕೋತ ಬಂದೀನಿ."

"ಮತ್ತ ಇಷ್ಟೆಲ್ಲ...?"

"ನನ್ನ ಹಂತ್ಯಾಕ ಯಾರು ಬರತಾರ ಹೇಳು? ಅವರೊಬ್ಬರು ಕೇಳಾಕ ಬಂದು ಮಂಚದ ಮ್ಯಾಲ ಕುಂದ್ರತಾರ. ಒಮ್ಮೆಗೇ ಎಲ್ಲಾ ಹೇಳಿದ್ರ ಎದ್ದು ಹೋಗತಾರ. ಅದಕ್ಕ ದಿನಾ ಒಂದೊಂದು ಹುಟ್ಟಿಸಿ ಹೇಳತೀನಿ." ಕೆಮ್ಮು ನಿಂತ ಮೇಲೆ ಸಣ್ಣಗೆ ನಕ್ಕರು. "ಬಿಳೀದು ಬರಿ. ಬಿಳೀದು ಚಂದ ಕಾಣತೈತಿ."

ಹೊರಗೆ ಬಂದು ಬಿಳಿ ಬಣ್ಣದಲ್ಲಿ 'ಬಾರ್ಸಿ' ಎಂದು ಬರೆದೆ.  ಬಿಳಿಯೇ ಇತ್ತಂತೆ ಎಂದು ಕಾಕಾನಿಗೆ ಹೇಳಿದೆ.

ಆ ಮಳೆಗಾಲ ಮುಗಿಯುವ ಮೊದಲೇ ಕಾಕಿ ಹೋದರು. ನಾಲ್ಕು ಡಬ್ಬಿಗಳನ್ನೂ ಮಂಚದ ಎದುರಿಗೆ ಸಾಲಾಗಿ ನಿಲ್ಲಿಸಿದ್ದೆವು. ಗಾಡಿ ಎಲ್ಲಿಗೂ ಹೋಗಲಿಲ್ಲ.  ಹನ್ನೊಂದು ದಿನ ಕಳೆದ ಮೇಲೆ ಕಾಕಾ, ಕಾಕಿಯ ತವರಿನವರಿಗೆ ತಾನೇ ಹೋಗಿ ತಿಳಿಸಿ ಬರುತ್ತೇನೆಂದು ಚೀಲ ಹೆಗಲಿಗೆ ಹಾಕಿಕೊಂಡು ರಾಯಚೂರಿನ ಬಸ್ಸು ಹತ್ತಿದರು.

ಅವರು ತಿರುಗಿ ಬರುವ ತನಕ ಎಂಟು ದಿನ ನನಗೆ ಒಂದೇ ಚಿಂತೆ. ಇನ್ನು ಕುರ್ಡುವಾಡಿಯಲ್ಲಿ ಇಳಿದು ಆ ಸಣ್ಣ ಗಾಡಿ ಹತ್ತುತ್ತಾರೆ. ಪರದೆ ಹುಡುಕುತ್ತಾರೆ, ಇರುವುದಿಲ್ಲ. ಕೊಕ್ಕೆ ಹುಡುಕುತ್ತಾರೆ, ಇರುವುದಿಲ್ಲ. ಸತ್ತ ಹೆಂಡತಿ ಹೇಳಿದ್ದೆಲ್ಲ ಸುಳ್ಳೆಂದು ಒಬ್ಬರೇ ಕೂತು ತಿಳಿದುಕೊಳ್ಳುತ್ತಾರಲ್ಲ! ನಾನೇ ಮೊದಲು ಹೇಳಿಬಿಡಬೇಕಾಗಿತ್ತೇ?

ಕಾಕಾ ಬಂದ ಮರುದಿನವೇ ಚಪ್ಪರದಲ್ಲಿ ಸದ್ದು ಕೇಳಿಸಿತು. ಹೋಗಿ ನೋಡಿದರೆ ಐದನೇ ಡಬ್ಬಿ! ಅದೇ ಬೆಂಚು, ಅದೇ ಕಮಲ, ಅದೇ ಬಂಡಿಗಾಲಿ. ನನಗೆ ತಡೆಯಲಾಗಲಿಲ್ಲ.

"ಕಾಕಾ, ಬಾರ್ಸಿ ಗಾಡಿ ನೋಡಿದ್ಯಾ?"

"ಅದರಾಗ ಕುಂತು ಹೋದೆ, ಕುಂತು ಬಂದೆ."

"ಇದರಂಗ ಇತ್ತೇನು?"

"ಒಂದೂ ಇದರಂಗ ಇಲ್ಲ. ಗಿರ್ದಾವರ ಹೇಳಿದ್ದು ಖರೇ. ಅಚ್ಚು ಸೈತ ತಿರುಗತೈತಿ."

"ಮತ್ತ ಇನ್ನಾರ ಖರೇ ಗಾಡಿ ಮಾಡಬಾರದಾ?"

ಕಾಕಾ ಕಿಟಕಿಯ ಚೌಕಟ್ಟಿನ ಹೊಟ್ಟನ್ನು ಊದಿ, ಅಂಗೈಯಿಂದ ಸವರಿದರು. "ಆಕಿ ಅಣ್ಣ ಎಲ್ಲಾ ಹೇಳಿದ. ಖರೇ ಗಾಡ್ಯಾಗ ಆಕಿ ದಾರಿಯುದ್ದಕ್ಕೂ ಅಳಕೋತ ಬಂದಾಳಂತ. ಒಮ್ಮೆನೂ ತಲಿ ಎತ್ತಿಲ್ಲಂತ. ಆ ಗಾಡಿ ನಾ ಯಾಕ ಮಾಡ್ಲೋ ಮಾಸ್ತರ? ಈ ಗಾಡ್ಯಾಗ ಆಕಿ ಕಿಟಕ್ಯಾಗ ಹಣಿಕಿ ಹಾಕಿ, ಎಲ್ಲಾ ನೋಡಿಕೋತ ಬಂದಾಳ."