ಕಾಕಾನ ಆಕ್ಸೊಲಾಟಲ್ ಮತ್ತು ಒಂದು ಕಿರುಬೆರಳು

ನಮ್ಮ ಕಾಕಾಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಹುಚ್ಚಿಗೂ ಒಂದು ಮಿತಿ ಎಂಬುದಿರುತ್ತದೆ! ಏಪ್ರಿಲ್ ತಿಂಗಳ ಧಗೆಯಲ್ಲಿ, ಧನಕವಡಿಯ ಮೂರನೇ ಮಹಡಿಯ ಮನೆಯಲ್ಲಿ, ಇದ್ದ ಒಂದೇ ಟೇಬಲ್ ಫ್ಯಾನನ್ನು ಗಾಜಿನ ತೊಟ್ಟಿಯ ಕಡೆ ತಿರುಗಿಸಿಟ್ಟು, ತಾವು ಬನಿಯನ್ನಿನಿಂದ ಬೆವರು ಒರೆಸಿಕೊಳ್ಳುತ್ತ ಕೂಡುವ ಮನುಷ್ಯನನ್ನು ಬರೀ ಹುಚ್ಚ ಎಂದು ಕರೆದು ಮುಗಿಸಲಾದೀತೇ?

ತೊಟ್ಟಿಯೊಳಗೆ ಇದ್ದದ್ದು ಆಕ್ಸೊಲಾಟಲ್. ಮೆಕ್ಸಿಕೋ ಕಡೆಯ ಸಾಲಮಾಂಡರ್, ಹಲ್ಲಿಯಂಥ ನೀರಿನ ಜೀವಿ, ನೀರು ತಣ್ಣಗಿರದಿದ್ದರೆ ಬದುಕದು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದು ಪ್ರಾಣಿಶಾಸ್ತ್ರ ಓದುತ್ತಿದ್ದ ಹುಡುಗಿ ಊರು ಬಿಡುವಾಗ ಅದನ್ನು ತೊಟ್ಟಿ ಸಮೇತ ಕಾಕಾಗೆ ಕೊಟ್ಟು ಹೋದಳು. ಇಡೀ ಕಟ್ಟಡದಲ್ಲಿ ಅದರ ಯೋಗಕ್ಷೇಮ ವಿಚಾರಿಸುತ್ತಿದ್ದವರು ಇವರೊಬ್ಬರೇ ಅಂತೆ. ಗೇಣುದ್ದದ ಬಿಳಿ ಮೈ, ಕುತ್ತಿಗೆಯ ಎರಡೂ ಕಡೆ ಕೆಂಪು ಕುಚ್ಚಿನಂಥ ಕಿವಿರು. ಕಣ್ಣಿಗೆ ರೆಪ್ಪೆಯೇ ಇಲ್ಲ, ಹಾಗಾಗಿ ನಮ್ಮ ಚಿಕ್ಕಮ್ಮ, ಅಂದರೆ ಕಾಕು, ಚಪಾತಿ ಲಟ್ಟಿಸುವುದನ್ನು ಇಡೀ ಹೊತ್ತು ನೋಡುತ್ತಲೇ ಇರುತ್ತಿತ್ತು. ಕಾಕು ಅದರ ಹೆಸರಿನ ತಂಟೆಗೆ ಹೋಗದೆ "ಅದು" ಎಂದು ಕರೆದು ನಾಲಗೆ ಉಳಿಸಿಕೊಂಡರು.

ಬಂದವರಿಗೆಲ್ಲ ಕಾಕಾ ಅದರ ಪ್ರವರ ಹೇಳುತ್ತಿದ್ದರು. ಕಪ್ಪೆಯ ಮರಿ ದೊಡ್ಡದಾದ ಮೇಲೆ ಕಿವಿರು ಬಿಟ್ಟು ದಡ ಹತ್ತುತ್ತದೆ. ಇದು ಹತ್ತುವುದಿಲ್ಲ. ಸಾಯುವತನಕ ಬಾಲ್ಯದ ಕಿವಿರು, ಬಾಲ್ಯದ ಬಾಲ ಇಟ್ಟುಕೊಂಡು ನೀರಿನಲ್ಲೇ ಇರುತ್ತದೆ, ಆ ರೂಪದಲ್ಲೇ ಸಂಸಾರವನ್ನೂ ಮಾಡುತ್ತದೆ. ಇದನ್ನು ಮೊದಲ ಸಲ ಕೇಳಿದಾಗ ಕಾಕು ಲಟ್ಟಣಿಗೆ ಕೆಳಗಿಟ್ಟು, "ಬುದ್ಧಿ ಬೆಳೀಲಾರದ್ದು ಒಂದ ಸಾಲದಾಗಿತ್ತೇನು ಈ ಮನಿಯಾಗ?" ಎಂದರು.

ಊಟದ್ದು ಬೇರೆ ರಾಮಾಯಣ. ಮೊಟ್ಟೆಯ ಸಿಪ್ಪೆಯೂ ಹೊಸ್ತಿಲು ದಾಟದ ಮನೆ ನಮ್ಮದು. ಇದಕ್ಕೋ ಎರೆಹುಳವೇ ಆಗಬೇಕು! ಕಾಕಾ ಮೊದಲು ನೆನೆಸಿದ ಅವಲಕ್ಕಿ ಹಾಕಿ ನೋಡಿದರು, ಪನೀರು ಹಾಕಿ ನೋಡಿದರು. ಅದು ಪನೀರನ್ನು ಬಾಯಿಗೆ ಎಳೆದುಕೊಂಡು ಹಾಗೆಯೇ ಉಗುಳಿತು. ಕೊನೆಗೆ ಕಾತ್ರಜ್ ಕಡೆಯ ಒಂದು ನರ್ಸರಿಯಿಂದ ಡಬ್ಬಿಯಲ್ಲಿ ಹುಳ ತರತೊಡಗಿದರು. ಕಾಕು ಒಂದು ಷರತ್ತು ಹಾಕಿದರು, ಏಕಾದಶಿ ಮತ್ತು ಸೋಮವಾರ ಹುಳ ಕೂಡದು. ದೊಡ್ಡ ಆಕ್ಸೊಲಾಟಲ್‌ಗೆ ಎರಡು ದಿನಕ್ಕೊಮ್ಮೆ ತಿಂದರೆ ಸಾಕಾಗುತ್ತದೆ. ಉಪವಾಸ ಅದಕ್ಕೆ ಎಷ್ಟು ಒಗ್ಗಿತೆಂದರೆ, ಕಾಕು ಅದನ್ನು ನನಗೆ ಮಾದರಿಯಾಗಿ ತೋರಿಸತೊಡಗಿದರು.

ಅದು ಬಂದಾಗ ಅದರ ಮುಂಗಾಲೊಂದು ಅರ್ಧಕ್ಕೇ ತುಂಡಾಗಿತ್ತು. ಜೊತೆಗಿದ್ದ ಇನ್ನೊಂದು ಆಕ್ಸೊಲಾಟಲ್ ಕಚ್ಚಿ ತಿಂದಿತ್ತಂತೆ, ಇವುಗಳಲ್ಲಿ ಅದು ಮಾಮೂಲು. ನಮ್ಮ ಕಣ್ಣೆದುರೇ ಆ ಮೋಟಿನ ತುದಿಯಲ್ಲಿ ಮೊಗ್ಗಿನಂಥದ್ದು ಮೂಡಿತು, ಚಪ್ಪಟೆಯಾಯಿತು, ಎರಡು ತಿಂಗಳೊಳಗೆ ನಾಲ್ಕು ಬೆರಳಾಯಿತು. ಅವತ್ತು ಕಾಕಾ ಕಟ್ಟಡದವರಿಗೆಲ್ಲ ಪೇಢೆ ಹಂಚಿದರು. ತಾವು ಮಾತ್ರ ತಿನ್ನಲಿಲ್ಲ ಎಂದು ಆಣೆ ಮಾಡಿದರು. ನಾವ್ಯಾರೂ ನಂಬಲಿಲ್ಲ.

ಯಾಕೆಂದರೆ ಕಾಕಾ ಮೂವತ್ತೈದು ವರ್ಷ ಮಾರ್ಕೆಟ್ ಯಾರ್ಡಿನಲ್ಲಿ ಲಾರಿಗೆ ಮಾಲು ಹತ್ತಿಸುವ ಗುಮಾಸ್ತರಾಗಿದ್ದವರು. ಬೆಲ್ಲದ ಪೆಂಟಿಯನ್ನು ರುಚಿ ನೋಡದೆ ಒಂದು ಲಾರಿಯನ್ನೂ ಬಿಟ್ಟವರಲ್ಲ. ಆ ಸಿಹಿಯೆಲ್ಲ ಸಕ್ಕರೆ ಕಾಯಿಲೆಯಾಗಿ ಮೊದಲು ಕಣ್ಣಿಗೆ ಬಂತು. ಆಮೇಲೆ ಕಾಲಿಗೆ. ಆ ಮಳೆಗಾಲದಲ್ಲಿ ಬಲಗಾಲಿನ ಕಿರುಬೆರಳು ಕಪ್ಪಾಯಿತು, ಡಾಕ್ಟರು ತೆಗೆದುಹಾಕಿದರು. ಗಾಯಕ್ಕೆ ನೀರು ತಾಗಿಸಬೇಡಿ, ಒಣಗಿಸಿಟ್ಟುಕೊಳ್ಳಿ ಎಂದು ಹೇಳಿ ಕಳಿಸಿದರು.

ಇಲ್ಲಿ ನನ್ನ ವಿಷಯವನ್ನೂ ಹೇಳಬೇಕು. ಧಾರವಾಡದಿಂದ ಓದಲಿಕ್ಕೆಂದು ಬಂದ ನನ್ನನ್ನು ಮನೆಯಲ್ಲಿಟ್ಟುಕೊಂಡು ಸಾಕಿದವರು ಕಾಕಾ ಮತ್ತು ಕಾಕು. ಈಗ ನನ್ನ ಮನೆ ಬೇರೆ. ಕಾಕಾನ ಕಣ್ಣು ಮಂಜಾದ ಮೇಲೆ ಪ್ರತಿ ಭಾನುವಾರ ಹೋಗಿ ಪೇಪರು, ಮಾತ್ರೆಯ ಚೀಟಿ, ಆಸ್ಪತ್ರೆಯ ಕಾಗದ ಎಲ್ಲ ಓದಿ ಹೇಳುತ್ತಿದ್ದೆ. ನಾನು ಓದಿದ್ದೆಂದರೆ ಅವರಿಗೆ ಅದೇ ಖರೆ, ಎರಡನೇ ಮಾತಿಲ್ಲ.

ಒಂದು ಭಾನುವಾರ ಆಕ್ಸೊಲಾಟಲ್ ಬಗ್ಗೆ ಏನಿದೆ ನೋಡು ಎಂದರು. ಮೊಬೈಲ್ ತೆಗೆದು ಓದಿದೆ. ಕಾಲು ತುಂಡಾದರೆ ತೆಳುವಾದ ಚರ್ಮ ಬೇಗ ಗಾಯ ಮುಚ್ಚುತ್ತದೆ, ನಮಗಾಗುವಂತೆ ಕಲೆ ಕಟ್ಟುವುದಿಲ್ಲ, ಅದರ ಕೆಳಗೆ ಮೊಗ್ಗು ಮೂಡುತ್ತದೆ. ಓದುತ್ತ ಓದುತ್ತ ನನಗೆ ಚೇಷ್ಟೆ ಬಂತು. ಮೊಬೈಲ್ ಮೇಲಿನ ಕಣ್ಣು ತೆಗೆಯದೆ, ಅದೇ ದನಿಯಲ್ಲಿ, "ದಿನಾ ಒಂದು ತಾಸು ತಣ್ಣೀರಾಗ ಕಾಲಿಟ್ಟು ಕೂತರ ಮನಶ್ಯಾರಿಗೂ ಬೆರಳು ಬರ್ತದಂತ್ರಿ ಕಾಕಾ" ಎಂದೆ. ಹೌದೇನು ಎಂದು ಕೇಳಿದರು. ಹೂಂ ಎಂದು ನಕ್ಕೆ. ಅವರೂ ನಕ್ಕರು. ಚೇಷ್ಟೆ ತಿಳಿಯಿತು ಅಂದುಕೊಂಡೆ.

ಅದಾದ ಮೇಲೆ ಕಾಕಾಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟಿತು! ತೊಟ್ಟಿಯ ಪಕ್ಕದಲ್ಲಿ ಹೊತ್ತು ಹೊತ್ತಿಗೆ ಊದುಬತ್ತಿ. ಇವರು ಹಲ್ಲಿಗೆ ಪೂಜೆ ಮಾಡುತ್ತಾರೆ ಎಂದು ಕಾಕು ಭಜನಿ ಮಂಡಳದಲ್ಲೆಲ್ಲ ಹೇಳಿ ನಗಿಸಿದರು. ಮನೆ ತುಂಬ ಹೊಗೆ. ನಾನೂ ನಕ್ಕೆ, ಮುಂದಿನ ವಾರ ಆರತಿಯೂ ಆದೀತು ಅಂದೆ.

ಮೂರನೇ ವಾರ ನಾನು ಸ್ವಲ್ಪ ಬೇಗ ಹೋದೆ. ಕಾಕು ಭಜನೆಗೆ ಹೋಗಿದ್ದರು. ಕಾಕಾ ಪಟ್ಟಿ ಬಿಚ್ಚಿ, ಬಲಗಾಲನ್ನು ಬಕೆಟ್ಟಿನಲ್ಲಿಟ್ಟು ಕೂತಿದ್ದರು. ನೀರಿನಲ್ಲಿ ಮಂಜುಗಡ್ಡೆಯ ಬಾಟಲಿ ತೇಲುತ್ತಿತ್ತು. ಊದುಬತ್ತಿಯ ವಾಸನೆಯ ಕೆಳಗಿದ್ದ ಇನ್ನೊಂದು ವಾಸನೆ ನನಗೆ ಆಗ ಬಡಿಯಿತು. ಕಾಕಾ ಕಾಲು ಎತ್ತಿ ತೋರಿಸಿದರು. ಮುಖದಲ್ಲಿ ಅಂಥ ಖುಷಿ ನಾನು ನೋಡೇ ಇರಲಿಲ್ಲ.

"ತಮ್ಮಾ, ನೋಡಿಲ್ಲೆ. ಮೊಗ್ಗು ಮೂಡೇದ."

ಅದು ಕೊಳೆತು ಉಬ್ಬಿದ ಮಾಂಸವಾಗಿತ್ತು. ಆ ಕಾಯಿಲೆಯ ಕಾಲಿಗೆ ನೋವು ತಿಳಿಯುವುದಿಲ್ಲ, ಮಂಜಾದ ಕಣ್ಣಿಗೆ ಬಣ್ಣ ತಿಳಿಯುವುದಿಲ್ಲ. ವಾಸನೆಯೊಂದು ತಿಳಿದಿತ್ತು. ಮೊಗ್ಗು ಮೂಡುವಾಗ ಹಾಗೇ ಇರಬೇಕು ಎಂದುಕೊಂಡು, ಬೆರಳು ಬಂದ ಮೇಲೆ ಕಾಕುಗೆ ತೋರಿಸೋಣವೆಂದು ಮುಚ್ಚಿಟ್ಟಿದ್ದರು.

ಮೊಣಕಾಲಿನ ಕೆಳಗೆ ಕಾಲು ತೆಗೆಯಬೇಕೆಂದು ಆಸ್ಪತ್ರೆಯಲ್ಲಿ ಅವತ್ತೇ ಹೇಳಿದರು. ಡಾಕ್ಟರಿಗೆ ಸಿಟ್ಟು ಬಂದಿತ್ತು, ಬರಬೇಕಾದದ್ದೇ. ನೀರಿನಲ್ಲಿ ಇಡು ಎಂದು ಯಾವ ಪುಣ್ಯಾತ್ಮ ಹೇಳಿದ ಎಂದು ಮರಾಠಿಯಲ್ಲಿ ಕೇಳಿದರು. ಕಾಕು ಮಂಚದ ಆ ಕಡೆ ನಿಂತಿದ್ದರು, ನಾನು ಈ ಕಡೆ. ಬಾಯಿ ತೆರೆದೆ. ಕಾಕಾ ಹಾಸಿಗೆಯ ಮೇಲೆ ತಡಕಾಡಿ ನನ್ನ ಮಣಿಕಟ್ಟು ಸಿಕ್ಕಿದ ಕೂಡಲೇ ಗಟ್ಟಿಯಾಗಿ ಒತ್ತಿ ಹಿಡಿದರು.

"ಕೋಣೀ ನಾಹೀ ಡಾಕ್ಟರ್," ಎಂದರು. ಆಮೇಲೆ ಕಾಕು ಕಡೆ ತಿರುಗಿ, "ಯಾರೂ ಹೇಳಿಲ್ಲ. ನಂದ ಬುದ್ಧಿ ಇದು."

ಕಾಕು ಆವತ್ತಿನಿಂದ ಕಾಕಾನನ್ನು ಬಯ್ಯುತ್ತಲೇ ಇದ್ದಾರೆ. ಸ್ನಾನ ಮಾಡಿಸುವಾಗ ಬಯ್ಯುತ್ತಾರೆ, ಕಟ್ಟಿಗೆಯ ಕಾಲು ತೊಡಿಸುವಾಗ ಬಯ್ಯುತ್ತಾರೆ. ಕಾಕಾ ತಲೆ ತಗ್ಗಿಸಿಕೊಂಡು ಎಲ್ಲ ಬೈಗುಳವನ್ನೂ ತಾವೇ ತಿನ್ನುತ್ತಾರೆ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿಯುತ್ತೇನೆ. ಎರಡು ವರ್ಷ ಹೀಗೇ ಕುಡಿದೆ. ಇನ್ನು ಕುಡಿಯಲಾರೆ.

ಕಾಕು, ಅವರನ್ನು ಬಯ್ಯಬೇಡಿರಿ. ಹೇಳಿದವನು ನಾನು.